ಗೇಣುದ್ದ ವಾಯರು

ಬಿಳೇಹುಣಸಿಯ ಹನುಮಪ್ಪನ ಗುಡಿಕಟ್ಟೆಯ ಮೇಲೆ ಹೊಸ ದೇವರೊಂದು ಹುಟ್ಟಿ ಆರು ತಿಂಗಳಾಗಿತ್ತು. ಅದಕ್ಕೆ ಮುಖವಿರಲಿಲ್ಲ, ಬಾಲವಿರಲಿಲ್ಲ. ಎದೆಯೆತ್ತರದ ಕಬ್ಬಿಣದ ಪೆಟ್ಟಿಗೆ, ಬೂದಿ ಬಣ್ಣ. ಒಂದು ಬಾಗಿಲು, ಒಂದು ಬೀಗ, ಗಾಳಿಯಾಡಲು ಕೊರೆದ ನಾಲ್ಕು ಸೀಳು. ಒಳಗೆ ಫೋನಿನ ಕಂಪನಿಯ ಮಷೀನು ಸದಾ ಗುಂಯ್ ಎನ್ನುತ್ತಿತ್ತು. ಬ್ಯಾಡಗಿಯಿಂದ ರಾಣೆಬೆನ್ನೂರಿನ ಕಡೆ ಹೋಗುವ ದಾರಿಯಲ್ಲಿನ ಐದು ಹಳ್ಳಿಗಳ ಮಾತೆಲ್ಲ, ಸಾಲದ ಸುಳ್ಳು, ಹೆಣ್ಣು ನೋಡುವ ಸುದ್ದಿ, ಸೊಸೆಯ ಮೇಲಿನ ಚಾಡಿ, ಅದರ ಹೊಟ್ಟೆಯೊಳಗೇ ಹಾಯ್ದು ಹೋಗಬೇಕು.

ಮೊದಲ ಅಮಾವಾಸ್ಯೆಗೆ ಯಾರೋ ಅದರ ಮುಂದೆ ಒಂದು ಕಾಯಿ ಒಡೆದರು. ಅದು ಈ ಸೀಮೆಯ ವಾಡಿಕೆ. ಟ್ರ್ಯಾಕ್ಟರಿಗೆ ಒಡೆಯುತ್ತಾರೆ, ಹಿಟ್ಟಿನ ಗಿರಣಿಗೆ ಒಡೆಯುತ್ತಾರೆ, ಈ ಪೆಟ್ಟಿಗೆಯೇನು ಪಾಪ ಮಾಡಿತ್ತು? ಎರಡನೆಯ ಅಮಾವಾಸ್ಯೆಗೆ ಗುಡಿ ಕಮಿಟಿಯ ಹಿರಿಯ ಪ್ರಭುಲಿಂಗಪ್ಪ ಅದಕ್ಕೆ ಕುಂಕುಮ ಹಚ್ಚಲು ಹೋದ. ಬೆರಳು ತಾಗಿದ್ದೇ ತಡ, ಮೊಣಕೈತನಕ ಜುಮ್ಮೆಂದಿತು. ಮೈಮೇಲಿನ ಕೂದಲು ನಿಂತವು. ಕಣ್ಣಲ್ಲಿ ನೀರು ಬಂತು.

"ಹನುಮಪ್ಪ ಇದರಾಗ ಇಳದಾನ್ರೋ!" ಎಂದು ಕೂಗಿದ.

ಮೇಲಿನ ಓಣಿ ಓಡಿ ಬಂತು. ಒಬ್ಬೊಬ್ಬರೇ ಕಟ್ಟೆ ಹತ್ತಿ ಮುಟ್ಟಿದರು. ಎಲ್ಲರಿಗೂ ಜುಮ್ಮೆಂದಿತು. ಅಂದಿನಿಂದ ಮೊಣಕಾಲು ನೋವಿನವರು ಬಂದರು, ಪರೀಕ್ಷೆ ಬರೆಯುವವರು ಬಂದರು. ರಾಣೆಬೆನ್ನೂರಿನ ಬೀಜದ ಅಂಗಡಿಯವನೊಬ್ಬ ಕಾರಿನಲ್ಲಿ ಬಂದು ಬೀಜದ ಪೊಟ್ಟಣ ತಾಗಿಸಿಕೊಂಡು ಹೋದ. ಮೊಳಕೆ ಚಲೋ ಒಡೆಯುತ್ತದಂತೆ. ಗುಡಿಯೊಳಗಿನ ಹನುಮಪ್ಪ ಗದೆ ಹೊತ್ತು ನಿಂತೇ ಇದ್ದ. ಅವನ ಮುಂದಿನ ದೀಪಕ್ಕೆ ಎಣ್ಣೆ ಹಾಕುವುದನ್ನು ಎರಡು ದಿನ ಮರೆತರೂ ಅವನು ಬೇಸರ ಮಾಡಿಕೊಳ್ಳಲಿಲ್ಲ. ದೇವರ ತಾಳ್ಮೆ ದೊಡ್ಡದು.

ಕೆಳಗಿನ ಕೇರಿಯ ಗುಡದಪ್ಪ ಮಾತ್ರ ದೂರದ ಬೇವಿನ ಬುಡದಲ್ಲಿ ಕುಳಿತು ಇದನ್ನೆಲ್ಲ ನೋಡುತ್ತಿದ್ದ. ಮೊದಮೊದಲು ಅವನಿಗೆ ನಗು ಬಂತು. ಟವೆಲ್ಲನ್ನು ಬಾಯಿಗೆ ತುರುಕಿಕೊಂಡು ನಕ್ಕ. ಆಮೇಲೆ ನಗು ನಿಂತಿತು. ಆ ಜುಮ್ಮು ಎಲ್ಲಿಂದ ಬರುತ್ತದೆಂದು ಊರಲ್ಲಿ ಗೊತ್ತಿದ್ದವನು ಅವನೊಬ್ಬನೇ.

ಗುಡದಪ್ಪನ ಕೆಲಸ ಅರ್ಥಿಂಗ್ ಗುಂಡಿ ತೋಡುವುದು. ಇಂಥ ಪೆಟ್ಟಿಗೆ ಎಲ್ಲಿ ಕೂತರೂ ಅದರ ಪಕ್ಕ ಒಂದು ಗುಂಡಿ ಬೇಕು. ಆಳು ಮುಳುಗುವಷ್ಟು ಆಳ. ಮೇಲೆ ಎರಿಮಣ್ಣು, ಕೆಳಗೆ ಗರಸು. ಎರಿಮಣ್ಣು ಸಲಿಕೆಗೆ ಅಂಟುತ್ತದೆ, ಗರಸು ಹಾರೆಯನ್ನೇ ಒದೆಯುತ್ತದೆ. ಸೊಂಟದತನಕ ಇಳಿದ ಮೇಲೆ ಹಾರೆ ಬೀಸಲು ಜಾಗವಿರುವುದಿಲ್ಲ. ಮೊಣಕಾಲೂರಿ ಕುಕ್ಕಬೇಕು. ಮಣ್ಣನ್ನು ಬುಟ್ಟಿಗೆ ತುಂಬಿ ತಲೆಯ ಮೇಲಿಂದ ಹೊರಗೆ ಎಸೆಯಬೇಕು. ಅರ್ಧ ಮಣ್ಣು ಕಣ್ಣಿಗೇ ಬೀಳುತ್ತದೆ. ಕಡೆಗೆ ಇದ್ದಿಲು, ಉಪ್ಪು ಹಾಕಿ, ನಡುವೆ ಕಬ್ಬಿಣದ ಕೊಳವೆ ನಿಲ್ಲಿಸಿ ಮುಚ್ಚಬೇಕು. ಅಂಗೈ ಬಿರಿದಲ್ಲಿ ಉಪ್ಪು ಇಳಿದರೆ ಆ ರಾತ್ರಿ ಊಟವನ್ನು ಹೆಂಡತಿ ಚೌಡವ್ವನೇ ಕಲೆಸಿ ಕೊಡಬೇಕಾಗುತ್ತಿತ್ತು.

ಆ ಕೊಳವೆಯಿಂದ ಪೆಟ್ಟಿಗೆಗೆ ಪೈಪಿನೊಳಗೆ ಒಂದು ಹಸಿರು ವಾಯರು ಹೋಗುತ್ತದೆ. ಗುಡದಪ್ಪನಿಗೆ ಕೆಲಸ ಕಲಿಸಿದವನು ಬ್ಯಾಡಗಿಯ ವಾಯರಮನ್ ಮಲ್ಲಿಕಸಾಬ. ಅವನು ಹೇಳುತ್ತಿದ್ದ: "ಪೆಟ್ಟಿಗಿ ಮೈಗೆ ಎಲ್ಲೇರ ಕರೆಂಟ್ ತಾಗಿತಂದ್ರ ಅದಕ್ಕ ಓಡಿ ಹೋಗಾಕ ದಾರಿ ಬೇಕಲೇ. ಈ ಹಸಿರು ವಾಯರ್ ಹಿಡಕೊಂಡು ಸೀದಾ ಮಣ್ಣಿಗಿಳೀತೈತಿ, ಸ್ವಿಚ್ ತಾನ ಬೀಳತೈತಿ. ದಾರಿ ಇಲ್ಲಂದ್ರ? ಮುಟ್ಟಿದವನ ಮೈಯ್ಯಾಗಿಂದ ಇಳೀತೈತಿ."

ಬಿಳೇಹುಣಸಿಯ ಪೆಟ್ಟಿಗೆಗೆ ದಾರಿ ಇರಲಿಲ್ಲ. ಅದು ಹೀಗಾಯಿತು.

ಪೆಟ್ಟಿಗೆ ಕೂತಿದ್ದು ಗುಡಿಯ ಕಲ್ಲುಕಟ್ಟೆಯ ಅಂಚಿನಲ್ಲಿ. ಗುಂಡಿ ಕಟ್ಟೆಯ ಕೆಳಗೆ, ಗಟಾರದ ಪಕ್ಕ. ಗುಂಡಿ ತೋಡಲು ಗುಡದಪ್ಪ ಬೇಕಾಗಿತ್ತು. ಆದರೆ ಕೆಳಗಿನ ಕೇರಿಯವರು ಕಟ್ಟೆ ಹತ್ತುವಂತಿರಲಿಲ್ಲ. ಹಾಗೆಂದು ಎಲ್ಲೂ ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ಹೀಗಾಗಿ ಕಟ್ಟೆಯ ಮೇಲಿನ ಪೈಪನ್ನು ಮೇಲಿನ ಓಣಿಯ ಇಬ್ಬರು ಕೂರಿಸಿದರು. ಅವರಿಗೆ ಪೈಪು ಕೂರಿಸಲು ಬಂತು, ವಾಯರು ಎಳೆಯಲು ಬರಲಿಲ್ಲ. ವಾಯರು ಎಳೆಯಲು ಮೊದಲು ಪೈಪಿನೊಳಗೆ ಬಿಡುವ ಉಕ್ಕಿನ ಸ್ಪ್ರಿಂಗು ತಿರುವಿನಲ್ಲಿ ಸಿಕ್ಕಿಕೊಂಡಿತು. ಮಧ್ಯಾಹ್ನವೆಲ್ಲ ದಬ್ಬಿದರು. ಬೈದರು. ಒದ್ದರು.

"ಸಾಹೇಬ್ರ, ನಾ ಒಂದ ಸಲ ಮ್ಯಾಲ ಹತ್ತಿದ್ರ ಐದ ನಿಮಿಷದ ಕೆಲಸರಿ," ಎಂದು ಗುಡದಪ್ಪ ಕೆಳಗಿನಿಂದ ಹೇಳಿದ.

ಹಾವೇರಿಯಿಂದ ಬಂದಿದ್ದ ಗುತ್ತಿಗೆದಾರ ವಿಜಯಮಹಾಂತೇಶ ಗಡಿಯಾರ ನೋಡಿಕೊಂಡ. ಸಂಜೆಯೊಳಗೆ ಕಂಪನಿಗೆ ಫೋಟೊ ಹೋಗಬೇಕಿತ್ತು.

"ನೀ ಹತ್ತೂದು ಐದ ನಿಮಿಷ. ಊರವರನ್ನ ಸಮಾಧಾನ ಮಾಡೂದು ಐದ ದಿನ. ಗೇಣುದ್ದ ವಾಯರ್ ಕತ್ತರಿಸಿ ಕೆಳಗಿನ ಬಾಯಿಗೆ ತುರುಕು. ಮ್ಯಾಲಿಂದು ನಾ ತುರುಕ್ತೇನಿ. ಫೋಟೊದಾಗ ಎರಡೂ ಕಡೆ ಹಸಿರು ಕಂಡ್ರ ಮುಗೀತು."

"ನಡುವ?"

"ನಡುವಿಂದು ಫೋಟೊದಾಗ ಬರಂಗಿಲ್ಲ."

ಗುಡದಪ್ಪ ಕತ್ತರಿಸಿದ. ತುರುಕಿದ. ಗುಂಡಿಯ ಪಕ್ಕ ಹೆಬ್ಬೆರಳು ಎತ್ತಿ ನಿಂತು ಫೋಟೊ ಕೊಟ್ಟ. ಮರುದಿನ ಬೇರೆ ಊರಿಗೆ ಗುಂಡಿ ತೋಡಲು ಹೋದ.

ಅವನ ಹೆಂಡತಿ ಚೌಡವ್ವ ಪಂಚಾಯಿತಿಯಲ್ಲಿ ಕಸ ಗುಡಿಸುವವಳು. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಆರನೆಯ ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಅವಳು ಗುಡಿಯ ಮುಂದೆ ಗುಡಿಸುತ್ತಿದ್ದಳು. ಪೆಟ್ಟಿಗೆಯ ಮೈತುಂಬ ಕಾಯಿನೀರು, ಬಾಳೆಹಣ್ಣಿನ ಲೋಳೆ, ಕುಂಕುಮದ ಕೆಸರು. ಇರುವೆ ಮುತ್ತಿದ್ದವು. ಪ್ರಭುಲಿಂಗಪ್ಪ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕುಳಿತಿದ್ದ.

"ಏ ಚೌಡಿ, ಪೆಟ್ಟಿಗಿ ಅಂಟ ಅಂಟ ಆಗೇತಿ. ಅರಿವಿ ತೋಯ್ಸಿ ಒರಸು."

"ಒಳಗಿನ ಕಡೀದು ಹೆಂಗ ಒರಸಲ್ರಿ? ಕೈ ಎಟಕಂಗಿಲ್ಲ."

"ಎಟಕಿದಷ್ಟು ಒರಸು. ಕಟ್ಟಿ ಹತ್ತಬ್ಯಾಡ ಮತ್ತ."

ಅವಳು ಗಟಾರಕ್ಕೆ ಇಳಿದಳು. ಬರಿಗಾಲು ಕಣಕಾಲಿನತನಕ ಕೆಸರಿನಲ್ಲಿ ಹೂತವು. ಒದ್ದೆ ಬಟ್ಟೆ ಹಿಡಿದು ತೋಳು ಚಾಚಿದಳು.

ಕಟ್ಟೆಯ ಒಣ ಕಲ್ಲಿನ ಮೇಲೆ ನಿಂತು ಮುಟ್ಟಿದವರಿಗೆ ಜುಮ್ಮೆಂದದ್ದು ಕೆಸರಿನಲ್ಲಿ ನಿಂತವಳಿಗೆ ಜುಮ್ಮೆನ್ನಲಿಲ್ಲ. ಅದು ಅವಳನ್ನು ಹಿಡಿಯಿತು. ಕೈ ಪೆಟ್ಟಿಗೆಗೆ ಅಂಟಿತು. ಹಲ್ಲು ಕಟ್ಟಿದವು. ಕೂಗಲು ಬಾಯಿ ತೆರೆಯಲಿಲ್ಲ. ಕಟ್ಟೆಯ ಮೇಲಿದ್ದ ನಾಲ್ವರು ನೋಡುತ್ತ ನಿಂತರು, ಒಬ್ಬನೂ ಕೆಳಗೆ ಹಾರಲಿಲ್ಲ. ಕಡೆಗೆ ಮೊಣಕಾಲು ಕುಸಿದು ಅವಳೇ ಗಟಾರಕ್ಕೆ ಬಿದ್ದಳು. ಅವಳ ಭಾರವೇ ಅವಳನ್ನು ಬದುಕಿಸಿತು.

ರಾಣೆಬೆನ್ನೂರಿನಲ್ಲಿ ಎದೆಮಟ್ಟದ ಗುಂಡಿಯೊಳಗಿದ್ದ ಗುಡದಪ್ಪನಿಗೆ ಫೋನು ಬಂತು. ಆ ಸುದ್ದಿಯೂ ಅದೇ ಪೆಟ್ಟಿಗೆಯೊಳಗಿಂದ ಹಾಯ್ದು ಬಂದಿತ್ತು. ಅವನು ಮಣ್ಣು ಮೆತ್ತಿದ ಮೈಯಲ್ಲೇ ಬಸ್ಸು ಹತ್ತಿ ಹಾವೇರಿಯ ದವಾಖಾನೆ ಮುಟ್ಟಿದಾಗ ಚೌಡವ್ವನ ಬಲಗೈಗೆ ಬಟ್ಟೆ ಸುತ್ತಿದ್ದರು. ಎರಡು ಬೆರಳು ಸುಟ್ಟು ಕಪ್ಪಾಗಿದ್ದವು. ವಿಜಯಮಹಾಂತೇಶ ಅವನಿಗಿಂತ ಮೊದಲೇ ಬಂದಿದ್ದ. ಬಂದು ಡಾಕ್ಟರಿಗೆ ಫಿಟ್ಸು ಎಂದು ಹೇಳಿದ್ದ.

"ಫಿಟ್ಸ್ ಬಂದ್ರ ಬೆರಳು ಸುಡತಾವೇನ್ರಿ?" ಎಂದು ಡಾಕ್ಟರಮ್ಮ ಕೇಳಿದಳು.

"ಒಲಿ ಮುಂದ ಬಿದ್ದಿರಬೇಕ್ರಿ," ಎಂದ ವಿಜಯಮಹಾಂತೇಶ.

ಡಾಕ್ಟರಮ್ಮ ಗುಡದಪ್ಪನ ಮುಖ ನೋಡಿದಳು. ಗುಡದಪ್ಪ ನೆಲ ನೋಡಿದ.

ಅತ್ತ ಊರಿನಲ್ಲಿ ತೀರ್ಮಾನವಾಗಿತ್ತು. ಮೇಲಿನವರನ್ನು ಹರಸುವ ದೇವರು ಚೌಡವ್ವನನ್ನು ಯಾಕೆ ಒಗೆದ? ಗಟಾರದ ಅರಿವೆಯಿಂದ ಮುಟ್ಟಿದ್ದಕ್ಕೆ ಸಿಟ್ಟಾದ. ಸಿಟ್ಟಾದ ದೇವರನ್ನು ಸಮಾಧಾನ ಮಾಡಬೇಕು. ಬರುವ ಸೋಮವಾರ ಅವಳು ಒದ್ದೆ ಸೀರೆಯಲ್ಲಿ ಕೇರಿಯಿಂದ ಕಟ್ಟೆಯತನಕ ನೆಲಕ್ಕೆ ಮಲಗೇಳುತ್ತ ದೀಡ ನಮಸ್ಕಾರ ಹಾಕಬೇಕು. ಕಟ್ಟೆಯ ಕೆಳಗೇ ನಿಂತು ಪೆಟ್ಟಿಗೆಗೆ ಹಣೆ ಹಚ್ಚಿ ತಪ್ಪಾಯಿತು ಅನ್ನಬೇಕು. ವಿಜಯಮಹಾಂತೇಶ ಒಂದು ಕಾಗದವನ್ನೂ ಸಿದ್ಧ ಮಾಡಿದ್ದ: ಆದದ್ದೆಲ್ಲ ನನ್ನ ತಪ್ಪಿನಿಂದ, ಯಾರ ಮೇಲೂ ತಕರಾರಿಲ್ಲ. ಅದಕ್ಕೆ ಅವಳ ಎಡಗೈ ಹೆಬ್ಬೆಟ್ಟು. ಇಲ್ಲವಾದರೆ ಪಂಚಾಯಿತಿಯ ಕಸಬರಿಗೆ ಬೇರೆಯವರ ಕೈಗೆ.

ಒದ್ದೆ ಸೀರೆ. ಕೆಸರು. ಹಣೆ. ಕೇಳಿದೊಡನೆ ಗುಡದಪ್ಪ ಹೊರಗೆ ಓಡಿದ.

ದವಾಖಾನೆಯ ಮುಂದಿನ ಚಹಾದಂಗಡಿಯಲ್ಲಿ ವಿಜಯಮಹಾಂತೇಶನ ಅಂಗಿ ಹಿಡಿದುಕೊಂಡ. "ಸಾಹೇಬ್ರ, ಹಣಿ ಹಚ್ಚಿದ್ರ ಆಕಿ ಸಾಯ್ತಾಳ್ರಿ. ನಿಮಗ ಗೊತ್ತೈತಿ."

"ಅಂಗಿ ಬಿಡು. ನನಗೇನ ಕರುಣಿಲ್ಲೇನು? ಆ ಹೊತ್ತಿಗೆ ನಾ ಹತ್ತ ನಿಮಿಷ ಕರೆಂಟ್ ತಗೀತೇನಿ. ಆಕಿ ಹಣಿ ಹಚ್ಚಲಿ, ಹೆಬ್ಬಟ್ಟ ಒತ್ತಲಿ. ಊರೂ ತಣ್ಣಗಾತು, ಕಂಪನೀನೂ ತಣ್ಣಗಾತು. ಆಮ್ಯಾಲ ವಾಯರ್ ಹಾಕೂಣು. ಬಾಯಿ ಬಿಟ್ಟಿ ಅಂದ್ರ ನೆನಪಿಟ್ಕೊ, ಫೋಟೊದಾಗ ಹೆಬ್ಬಟ್ಟ ಎತ್ತಿ ನಿಂತಾವ ನೀನು."

ಗುಡದಪ್ಪನಿಗೆ ಅದು ಆಗಬಹುದೆನ್ನಿಸಿತು. ಜೀವ ಉಳಿದರೆ ಸಾಕು, ಹಣೆ ಹಚ್ಚಿದರೆ ಏನು ಸವೆಯುತ್ತದೆ? ಹಾಗೆಂದುಕೊಂಡೇ ಹೋಗಿ ಹೆಂಡತಿಯ ಮಂಚದ ಪಕ್ಕ ಕುಳಿತ. ಎಲ್ಲವನ್ನೂ ಹೇಳಿದ. ಗೇಣುದ್ದ ವಾಯರು, ಖಾಲಿ ಪೈಪು, ಫೋಟೊ, ಹತ್ತು ನಿಮಿಷ.

ಚೌಡವ್ವ ಮಂಚ ಅಲುಗಾಡುವಂತೆ ನಕ್ಕಳು.

"ಅಂದ್ರ ನಾ ಬರೂ ಹೊತ್ತಿಗೆ ದೇವರನ್ನ ಬಂದ್ ಮಾಡಿರ್ತಾರಂತೇನು? ಬಂದ್ ಮಾಡಿದ ದೇವರಿಗೆ ನಾ ಹಣಿ ಹಚ್ಚಬೇಕು?"

"ಜೀವ ಉಳೀತೈತಿ..."

"ಮುಚ್ಚು ಬಾಯಿ." ನಗು ಒಮ್ಮೆಲೇ ಹೋಗಿತ್ತು. "ಆರು ತಿಂಗಳು ಬೇವಿನ ಗಿಡದ ಬುಡಕ ಕುಂತ ನಕ್ಕಿಯಲ್ಲ, ಅದು ಇದಕ್ಕೇನು? ನಿನಗ ಗೊತ್ತಿತ್ತು. ನನಗ ದಿನಾ ಅದರ ಬಾಜೂಕ ಗುಡಸಾಕ ಬಿಟ್ಟಿ. ಮಂದಿ ಮೋಸ ಮಾಡಿದ್ರ ಬೈಬಹುದು. ನಿನ್ನ ಏನಂತ ಬೈಯಲಿ?"

"ನಾ ಏನ ಮಾಡ್ಲಿ ಈಗ?"

"ನಾ ತಪ್ಪಾತು ಅನ್ನಂಗಿಲ್ಲ. ಸತ್ರೂ ಅನ್ನಂಗಿಲ್ಲ. ತಪ್ಪ ಯಾರ್ದು ಅಂತ ನೀ ಹೇಳ್ತಿ, ನಾಕ ಮಂದಿ ಮುಂದ. ನಿಂದು ಸೇರಿಸಿ ಹೇಳು. ಹೇಳದಿದ್ರ ನಾ ಮನಿಗೇ ಬರಂಗಿಲ್ಲ, ನನ್ನ ತವರು ಐತಿ."

ಅವನು ಬ್ಯಾಡಗಿಗೆ ಹೋಗಿ ಮಲ್ಲಿಕಸಾಬನ ಮುಂದೆ ನಿಂತ. ಮಲ್ಲಿಕಸಾಬ ಪೂರ್ತಿ ಕೇಳಿ, ಕೈಯಲ್ಲಿದ್ದ ಪಕ್ಕಡು ಕೆಳಗಿಟ್ಟು, ತಲೆಗೆ ಒಂದು ಬಾರಿಸಿದ. ಆಮೇಲೆ ಒಂದು ಸುತ್ತು ಹಸಿರು ವಾಯರು, ಸ್ಪ್ರಿಂಗು, ಟೇಪು, ರಬ್ಬರು, ಎರಡು ವಾಯರಿನ ತುದಿಗೆ ಕಟ್ಟಿದ ಒಂದು ಕೆಂಪು ಝೀರೋ ಬಲ್ಬು ಚೀಲಕ್ಕೆ ಹಾಕಿ ಕೊಟ್ಟ.

"ನಿಮ್ಮೂರ ದೇವರಿಗೆ ಇದನ್ನ ಹಚ್ಚಿ ನೋಡು," ಎಂದ. "ಹತ್ತಿದ್ರ ಕರೆಂಟು. ಹತ್ತಲಿಲ್ಲಂದ್ರ ನಾನೂ ಬಂದು ಕಾಯಿ ಒಡೀತೇನಿ."

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಕಟ್ಟೆ ತುಂಬಿತ್ತು. ಪೆಟ್ಟಿಗೆಗೆ ಚೆಂಡುಹೂವಿನ ಮಾಲೆ. ವಿಜಯಮಹಾಂತೇಶ ಗುಡಿಯ ಗೋಡೆಯ ಸ್ವಿಚ್ ಬೋರ್ಡಿನ ಪಕ್ಕ, ಕರೆಂಟು ತೆಗೆಯುವ ಹೊತ್ತಿಗೆ ಕಾಯುತ್ತ, ಭಕ್ತಿಯಿಂದ ನಿಂತಿದ್ದ. ಕೇರಿಯ ದಾರಿಯಿಂದ ಚೌಡವ್ವ ನಡೆದು ಬಂದಳು. ಒಣಗಿದ ಸೀರೆ, ಬಾಚಿದ ತಲೆ, ಬಟ್ಟೆ ಸುತ್ತಿದ ಕೈ. ಹಿಂದೆ ಗುಡದಪ್ಪ, ಹೆಗಲಲ್ಲಿ ಚೀಲ.

"ಸೀರಿ ಯಾಕ ತೋಯ್ಸಿಲ್ಲ?" ಪ್ರಭುಲಿಂಗಪ್ಪ ಕೇಳಿದ.

"ನಳ ಬಂದಿಲ್ರಿ ಯಜಮಾನ್ರ. ನಮ್ಮ ಕೇರಿಗೆ ವಾರಕ್ಕ ಎರಡ ಸಲ ಬಿಡೂದು ನೀವ ಅಲ್ಲೇನ್ರಿ?"

ಹಿಂದೆ ನಿಂತ ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು.

ಗುಡದಪ್ಪ ಮುಂದೆ ಬಂದ. ಗುಂಡಿಯ ಮುಚ್ಚಳ ಸರಿಸಿ ಬಲ್ಬಿನ ಒಂದು ವಾಯರನ್ನು ಕೊಳವೆಗೆ ಸುತ್ತಿದ. ಇನ್ನೊಂದರ ತುದಿಯನ್ನು ಪೆಟ್ಟಿಗೆಯ ಅಂಚಿಗೆ ತಾಗಿಸಿದ. ಝೀರೋ ಬಲ್ಬು ಕೆಂಪಗೆ ಹತ್ತಿತು.

"ನೋಡ್ರಿ," ಎಂದ. "ಇದು ಕರೆಂಟು."

ಕಟ್ಟೆಯ ಮೇಲಿದ್ದವರು ನೋಡಿದರು. ಆಮೇಲೆ ಪ್ರಭುಲಿಂಗಪ್ಪ ಎರಡೂ ಕೈ ಎತ್ತಿ ಮುಗಿದ. "ಜ್ಯೋತಿ! ಸ್ವಾಮಿ ಜ್ಯೋತಿ ತೋರಿಸಿದ!" ಕಟ್ಟೆಯೆಲ್ಲ ಕೈ ಮುಗಿಯಿತು. ಒಬ್ಬಾಕೆ ಗಲ್ಲ ಗಲ್ಲ ಬಡಿದುಕೊಂಡಳು. ಗುಡದಪ್ಪ ಬಲ್ಬು ಹಿಡಿದು ಪೂಜಾರಿಯಂತೆ ನಿಂತುಬಿಟ್ಟಿದ್ದ.

ಅವನಿಗೆ ಸಿಟ್ಟು ಬಂದದ್ದು ಆಗ. ಆರು ತಿಂಗಳಲ್ಲಿ ಬಾರದ ಸಿಟ್ಟು. ಬಲ್ಬನ್ನು ಒಗೆದ. ಪೈಪಿನ ಬಾಯಿಯಲ್ಲಿ ಕಾಣುತ್ತಿದ್ದ ಹಸಿರು ವಾಯರನ್ನು ಹಿಡಿದು ಎಳೆದ. ಅದು ಅಡ್ಡಿಯಿಲ್ಲದೆ ಬಂತು. ಒಂದು ಗೇಣು. ಎತ್ತಿ ಹಿಡಿದ.

"ಇಷ್ಟ ಐತಿ ನೋಡ್ರಿ ನಿಮ್ಮ ದೇವರ ಬಾಲ! ಇದು ಮ್ಯಾಲಿನತನಕ ಹೋಗಬೇಕಿತ್ತು. ಹೋಗಿಲ್ಲ. ಯಾಕ ಹೋಗಿಲ್ಲ? ನನ್ನ ಕಟ್ಟಿ ಹತ್ತಾಕ ಬಿಡಲಿಲ್ಲ. ಈ ಸಾಹೇಬ್ರು ಕತ್ತರಿಸಿ ತುರುಕು ಅಂದ್ರು. ತುರುಕಿದಾವ ನಾನ. ಫೋಟೊಕ್ಕ ನಿಂತಾವ ನಾನ. ಬಾಯಿ ಮುಚ್ಚಿದಾವನೂ ನಾನ. ತಪ್ಪ ನಂದೈತಿ, ಇವರದೈತಿ, ನಿಮ್ಮ ಕಟ್ಟೀದೈತಿ. ಆಕೀದು ಏನೂ ಇಲ್ಲ."

"ಹುಚ್ಚ ಹಿಡದೈತಿ ಇವಗ," ವಿಜಯಮಹಾಂತೇಶ ಕಿರುಚಿದ. "ನಾಳಿಂದ ಒಂದ ಗುಂಡಿ ಕೆಲಸಾನೂ ಸಿಗಂಗಿಲ್ಲ ನಿನಗ!"

"ಗುಂಡಿ ನೀವ ತೋಡ್ಕೋರಿ. ನಿಮ್ಮ ಹೊಟ್ಟೀನೂ ಇಳೀತೈತಿ." ಗುಡದಪ್ಪ ಪ್ರಭುಲಿಂಗಪ್ಪನ ಕಡೆ ತಿರುಗಿದ. "ಯಜಮಾನ್ರ, ದೇವರ ಅಂದ್ರಲ್ಲ? ಇಳದ ಬರ್ರಿ. ಆಕಿ ನಿಂತಲ್ಲೇ ನಿಲ್ರಿ, ಇದ ಗಟಾರದಾಗ, ಬರಿಗಾಲಿಲೆ. ಕೈ ತೋಯ್ಸಿ ಮುಟ್ರಿ. ದೇವರಾದ್ರ ನಿಮಗ ಏನ ಮಾಡತಾನ?"

ಪ್ರಭುಲಿಂಗಪ್ಪ ಗಟಾರ ನೋಡಿದ. ಪೆಟ್ಟಿಗೆ ನೋಡಿದ. ಅವನ ಕಾಲು ಕಲ್ಲಿನ ಮೇಲಿಂದ ಕದಲಲಿಲ್ಲ. ಅವನ ಹಿಂದೆ ನಿಂತವರು ಒಂದೊಂದೇ ಹೆಜ್ಜೆ ಪೆಟ್ಟಿಗೆಯಿಂದ ದೂರ ಸರಿದರು.

ಆಗ ಗುಡದಪ್ಪ ಕಟ್ಟೆ ಹತ್ತಿದ.

ಮೂರು ಮೆಟ್ಟಿಲು. ಹತ್ತಲು ಮೂರು ಉಸಿರೂ ಬೇಡ. ನಲವತ್ತೆರಡು ವರ್ಷ ಬೇಕಾಗಿತ್ತು.

"ಇಳಿಯೋ!" "ಏ, ಹಿಡೀರಿ ಅವನ್ನ!"

"ಹಿಡೀರಿ," ಎಂದ ಗುಡದಪ್ಪ. ಒಂದು ಕೈಯನ್ನು ಪೆಟ್ಟಿಗೆಯ ಕಡೆ ಚಾಚಿ ನಿಂತ. "ನಾ ಇದನ್ನ ಹಿಡೀತೇನಿ, ನೀವು ನನ್ನ ಹಿಡೀರಿ. ಎಲ್ಲಾರೂ ಕೂಡಿ ಜುಮ್ಮ ಅನ್ನೂಣು."

ಯಾರೂ ಹಿಡಿಯಲಿಲ್ಲ. ಅವನು ಗೋಡೆಯ ಬೋರ್ಡಿಗೆ ಹೋಗಿ, ವಿಜಯಮಹಾಂತೇಶನನ್ನು ಮೊಣಕೈಯಿಂದ ಸರಿಸಿ ಕರೆಂಟು ತೆಗೆದ. ಪೈಪಿನ ಮೇಲಿನ ಬಾಯಿಯ ತುಂಡನ್ನೂ ಕಿತ್ತು ಸ್ಪ್ರಿಂಗು ಬಿಟ್ಟ. ತಿರುವಿನಲ್ಲಿ ಸಿಕ್ಕಿಕೊಂಡಿತು. ಎರಡು ಬೆರಳಲ್ಲಿ ಹೊರಳಿಸಿದ. ಹಾಯಿತು. ಕೆಳಗೆ ಚೌಡವ್ವ ಅದರ ತುದಿಗೆ ಹಸಿರು ವಾಯರನ್ನು ಎಡಗೈಯಿಂದ, ಹಲ್ಲಿನಿಂದ ಬಿಗಿದಳು.

"ಎಳಿ," ಎಂದಳು.

ಅವನು ಎಳೆದ. ವಾಯರು ಸರಸರ ಬಂತು. ಐದು ನಿಮಿಷವೂ ಆಗಲಿಲ್ಲ. ಎರಡೂ ತುದಿ ಬಿಗಿದು ಸ್ವಿಚ್ಚು ಹಾಕಿದ. ಅದು ಟಕ್ಕೆಂದು ತಾನೇ ಬಿತ್ತು. ಆ ದಿನ ಬೀಳಬೇಕಾಗಿದ್ದುದು ಹೀಗೆ. ವಿಜಯಮಹಾಂತೇಶನಿಂದ ಪೆಟ್ಟಿಗೆಯ ಬೀಗ ತೆಗೆಸಿ ನೋಡಿದ. ಕರೆಂಟಿನ ವಾಯರು ತಗಡಿನ ಅಂಚಿಗೆ ಉಜ್ಜಿ ಸಿಪ್ಪೆ ಸುಲಿದಿತ್ತು. ಟೇಪು ಸುತ್ತಿ, ಅಂಚಿಗೆ ರಬ್ಬರು ತೊಡಿಸಿ, ಮತ್ತೆ ಸ್ವಿಚ್ಚು ಹಾಕಿದ. ಈ ಸಲ ಅದು ನಿಂತಿತು. ಪೆಟ್ಟಿಗೆ ಗುಂಯ್ ಎಂದಿತು. ಕಟ್ಟೆಯ ಮೇಲೆ ಹತ್ತು ಫೋನುಗಳು ಒಟ್ಟಿಗೆ ಟಿಂಗ್ ಎಂದವು. ಗುಡದಪ್ಪ ತನ್ನ ಬರಿ ಅಂಗೈಯನ್ನು ಪೆಟ್ಟಿಗೆಯ ಮೇಲೆ ಚಪ್ಪಟೆಯಾಗಿ ಇಟ್ಟು ನಿಂತ.

ಪ್ರಭುಲಿಂಗಪ್ಪ ಮೆಲ್ಲಗೆ ಬಂದ. ಒಂದು ಬೆರಳು ತಾಗಿಸಿದ. ಎರಡು ಬೆರಳು ತಾಗಿಸಿದ. ಅಂಗೈ ಇಟ್ಟ. ಅವನ ಮುಖ ಜೋತು ಬಿತ್ತು.

"ಜುಮ್ಮ ಅನ್ನವಲ್ದು," ಎಂದ. "ದೇವರು ಹೋದ! ಈ ಸೂಳೇಮಗ ದೇವರನ್ನ ಕಳದಾ!"

"ಹನುಮಪ್ಪ ಒಳಗ ಅದಾನ್ರಿ," ಎಂದ ಗುಡದಪ್ಪ. "ಎಲ್ಲೂ ಹೋಗಿಲ್ಲ. ಎಣ್ಣಿ ಹಾಕ್ರಿ ಅವಗ."

ವಿಜಯಮಹಾಂತೇಶ ಕಾಗದ ಮಡಚಿ ಕಿಸೆಗೆ ಹಾಕಿಕೊಂಡು ಮೋಟರಸೈಕಲ್ಲಿನ ಕಡೆ ಹೊರಟ. ಚೌಡವ್ವ ಅವನ ದಾರಿಗೆ ಅಡ್ಡ ನಿಂತಳು.

"ಸಾಹೇಬ್ರ, ಆ ಡಾಕ್ಟರಮ್ಮ ನಾಳೆ ಮತ್ತ ಬಾ ಅಂದಾಳ. ಫಿಟ್ಸ್ ಅಲ್ಲ ಅಂತ ಬರಸ್ತೇನಿ. ಗಂಡನ್ನೂ ಕರ್ಕೊಂಡ ಹೋಗ್ತೇನಿ, ಅವನ ಬಾಯಿಲೇ ಹೇಳಸ್ತೇನಿ. ನೀವು ಬರ್ರಿ, ಇಬ್ಬರೂ ಕೂಡಿ ಹೇಳ್ರಿ."

ಅವನು ಸುತ್ತು ಹಾಕಿ ಹೋದ.

ಕಟ್ಟೆಯ ಮೇಲೆ ಪ್ರಭುಲಿಂಗಪ್ಪನಿಗೆ ಮತ್ತೆ ದನಿ ಬಂದಿತ್ತು. "ಕಟ್ಟಿ ಮೈಲಿಗಿ ಆತು! ನೀರ ತರ್ರೋ! ಹನ್ನೊಂದ ಕೊಡ ತರ್ರಿ! ತೊಳೀರಿ ಇದನ್ನ!"

ಇಬ್ಬರು ಓಡಿ ಹೋಗಿ ತುಂಬಿದ ಕೊಡ ಹೊತ್ತು ತಂದರು. ಅಷ್ಟರಲ್ಲಿ ಚೌಡವ್ವ ಮೂರು ಮೆಟ್ಟಿಲು ಹತ್ತಿ, ಕಟ್ಟೆಯ ಅಂಚಿನಲ್ಲಿ, ಗಂಡನ ಪಕ್ಕ, ಕಾಲು ಇಳಿಬಿಟ್ಟು ಕುಳಿತಿದ್ದಳು.

"ಹಾಕ್ರಿ ಯಜಮಾನ್ರ, ಚಲೋತಂಗ ಹಾಕ್ರಿ," ಎಂದಳು. "ಈ ಕಡೆ ಹರಿಯೋಹಂಗ ಹಾಕ್ರಿ, ಗುಂಡಿಗೆ ಬೀಳ್ಲಿ. ಆ ಗುಂಡಿ ಒಣಗಬಾರದಂತ. ವಾರಕ್ಕೊಮ್ಮೆ ನೀರು ಕುಡಿದ್ರನ ಅದು ಕೆಲಸ ಮಾಡೂದಂತ. ನಮಗೇನು, ನಾವು ವಾರಕ್ಕೊಮ್ಮೆ ಬಂದು ಕಟ್ಟಿ ಹತ್ತತೇವಿ. ನೀವು ವಾರಕ್ಕೊಮ್ಮೆ ತೊಳೀರಿ."

ಕೊಡ ಹೊತ್ತ ಇಬ್ಬರೂ ಪ್ರಭುಲಿಂಗಪ್ಪನ ಮುಖ ನೋಡಿದರು. ಸುರಿದರೆ ಅವಳ ಮಾತು ನಡೆದಂತೆ. ಸುರಿಯದಿದ್ದರೆ ಕಟ್ಟೆಯ ಮೈಲಿಗೆ ಹಾಗೆಯೇ. ಬಿಸಿಲು ಏರುತ್ತಿತ್ತು. ಅವರು ಕೊಡ ಹೊತ್ತು ನಿಂತೇ ಇದ್ದರು. ಚೌಡವ್ವ ಕಾಲು ಅಲ್ಲಾಡಿಸುತ್ತ ಕುಳಿತೇ ಇದ್ದಳು.